ದಾಖಲೆಯ ಗಂಟು, ಡಿಸ್ಕಿನ ಕುಂಟುನಡೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟಿತು. ಗಡಿರೇಖೆ ಬದಲಾದರೂ ಓಬಳಾಪುರದಂಥ ಊರುಗಳಲ್ಲಿ ಕನ್ನಡ ಉಳಿಯಿತು. ಆದರೆ ಮಗು ಕನ್ನಡ ಮಾಧ್ಯಮದಲ್ಲಿ ಓದಿತೆಂಬುದಕ್ಕೆ ಮನೆಮಾತೊಂದೇ ಸಾಕ್ಷಿಯಾಗದು. ಅದನ್ನು ಸ್ಥಾಪಿಸಲು ಶಾಲೆಯ ದಾಖಲೆಯೇ ಬೇಕು. ಆದ್ದರಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಜಿಪ್ ಗಂಟಾಗಿ ಕಟ್ಟಿಡುವುದು ವಿವೇಕದ ಕಾರ್ಯ.

ಈ ಕಾರ್ಯ ಅರ್ಧಕ್ಕೇ ನಿಲ್ಲುವುದು ಬಹುಶಃ ಕಂಪ್ಯೂಟರಿನ ನಿಧಾನಗತಿಯಿಂದ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಪ್ರೊಸೆಸರ್ ಬಿಡುವಾಗಿದ್ದು ಡಿಸ್ಕ್ ಮಾತ್ರ ಶೇ. 100 ತೋರಿಸಿದರೆ, ತೊಡಕು ಡಿಸ್ಕಿನದೇ. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಹಿಡಿಯುತ್ತದೆ. ಓದುಮುಳ್ಳು ಸರಿಯುವ ಕಾಲವೂ ಸೇರಿ ಒಮ್ಮೆ ಹುಡುಕಲು 15 ಮಿಲಿಸೆಕೆಂಡ್ ಎಂದುಕೊಂಡರೆ, 20,000 ಕಡತಗಳಿಗೆ 5 ನಿಮಿಷ. ಒಂದೊಂದು ಕಡತಕ್ಕೂ ಹಲವು ಬಾರಿ ಅಲೆಯಬೇಕಾದುದರಿಂದ ಅದು ಅನೇಕ ಪಟ್ಟಾಗುತ್ತದೆ. ಓದುವುದೂ ಬರೆಯುವುದೂ ಅದೇ ಡಿಸ್ಕಿನಲ್ಲಾದರೆ ಅಲೆದಾಟ ಇನ್ನೂ ಹೆಚ್ಚು. ಗಂಟನ್ನು ಬೇರೊಂದು ಡಿಸ್ಕಿಗೆ ಬರೆಯುವುದು ಮೊದಲ ಪರಿಹಾರ.

ಎರಡನೆಯದು, ಜೆಪೆಗ್ ಚಿತ್ರಗಳು ಮೊದಲೇ ಸಂಕುಚಿತವಾಗಿರುತ್ತವೆ. ಅವನ್ನು ಮತ್ತೆ ಹಿಂಡುವುದು ವ್ಯರ್ಥ. ಸಂಕೋಚನವಿಲ್ಲದ ‘ಸ್ಟೋರ್’ ಆಯ್ಕೆ ಸಾಕು. ಮೂರನೆಯದು, ದಿನವೂ ಒಂದೇ ದೊಡ್ಡ ಗಂಟಿಗೆ ಕಡತ ಸೇರಿಸುತ್ತ ಹೋದರೆ ಅನೇಕ ತಂತ್ರಾಂಶಗಳು ಇಡೀ ಗಂಟನ್ನೇ ಹೊಸದಾಗಿ ಬರೆಯುತ್ತವೆ; ವರ್ಷಕ್ಕೊಂದು ಗಂಟು ಉತ್ತಮ. ನಾಲ್ಕನೆಯದು, ಹೊರ ಡಿಸ್ಕನ್ನು ಯುಎಸ್‌ಬಿ 2.0 ಕಿಂಡಿಗೆ ಹಾಕಿದರೆ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0 ಕಿಂಡಿಯಲ್ಲಿ 5 ಗಿಗಾಬಿಟ್.

ಇಷ್ಟಾದರೂ ಕೆಲಸ ಪ್ರತಿಬಾರಿ ಅದೇ ಕಡತದ ಬಳಿ ನಿಂತರೆ, ಅಥವಾ ಡಿಸ್ಕ್ ಟಕಟಕ ಸದ್ದು ಮಾಡಿದರೆ, ಅದು ಸಾಯುತ್ತಿರುವ ಡಿಸ್ಕಿನ ಲಕ್ಷಣವಿರಬಹುದು. ಆಗ ಗಂಟು ಕಟ್ಟುವುದನ್ನು ಬಿಟ್ಟು, ಇರುವ ಕಡತಗಳನ್ನು ಮೊದಲು ಬೇರೆಡೆಗೆ ನಕಲಿಸಬೇಕು.

ಗಂಟು ಕಟ್ಟಿದ ಮೇಲೆ ‘ಟೆಸ್ಟ್’ ಆಜ್ಞೆಯಿಂದ ಅದನ್ನು ಪರೀಕ್ಷಿಸದೆ ಮೂಲ ಕಡತಗಳನ್ನು ಅಳಿಸಲಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನನ್ವಯ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಒಂದಕ್ಷರ ಬದಲಾದರೂ ಬದಲಾಗುವ ಈ ಸಂಖ್ಯೆಯನ್ನು ಗಂಟು ಕಟ್ಟಿದ ದಿನವೇ ಲೆಕ್ಕಿಸಿ, ದಿನಾಂಕ ಸಹಿತ ಶಾಲೆಯ ಪುಸ್ತಕದಲ್ಲಿ ಬರೆದಿಡುವುದು ಲೇಸು. ಆದರೆ ಸ್ಕ್ಯಾನ್ ಆಯಿತೆಂದು ಮೂಲ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ. ನಕಲಿನ ಬಗ್ಗೆ ಸಂಶಯ ಹುಟ್ಟಿದ ದಿನ, ಮಗುವಿನ ಪರವಾಗಿ ನಿಲ್ಲುವುದು ಆ ಹಳದಿ ಹಾಳೆಯೇ.