ನಲ್ಲೂರಿನ ಹುಣಸೆಯ ತೋಪು

ಅರಣ್ಯವೆಂದೊಡನೆ ನಮ್ಮ ಮನಸ್ಸು ಘಟ್ಟದ ಕಡೆಗೆ ಹರಿಯುವುದು. ಬಯಲುಸೀಮೆಯವರಾದ ನಮಗೆ ಅಂತಹ ಸಿರಿಯಿಲ್ಲವೆಂಬುದು ನಿಜ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದೊಡ್ಡಬಳ್ಳಾಪುರದ ಸಮೀಪದ ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯದ ಗುಡ್ಡಗಳು, ನೆಲಮಂಗಲದ ಸೀಮೆಯ ಶಿವಗಂಗೆ, ಇವುಗಳ ಬಂಡೆಗಳ ನಡುವೆ ಕುರುಚಲು ಕಾಡು ಬೆಳೆದಿರುವುದೇ ಹೊರತು ಹೆಮ್ಮರಗಳ ಅಡವಿಯಿಲ್ಲ. ಆದರೆ ಕಾಡಿಲ್ಲದ ಬಯಲಿನಲ್ಲಿ ನಮ್ಮ ಪೂರ್ವಿಕರು ಊರಿಗೊಂದು ಸಣ್ಣ ಕಾಡನ್ನು ತಾವೇ ನಿರ್ಮಿಸಿಕೊಂಡಿದ್ದರು. ಅದಕ್ಕೆ ಗುಂಡುತೋಪು ಎಂದು ಹೆಸರು.

ಕೆರೆಯ ಬಳಿಯಲ್ಲೋ ದಾರಿಯ ಮಗ್ಗುಲಲ್ಲೋ ಮಾವು, ಹಲಸು, ನೇರಳೆ, ಹೊಂಗೆ, ಹುಣಸೆ ಮೊದಲಾದ ಮರಗಳನ್ನು ನೆಟ್ಟು ಬೆಳೆಸಿದ ಈ ತೋಪುಗಳು ಯಾರೊಬ್ಬರ ಸ್ವತ್ತೂ ಆಗಿರದೆ ಊರಿಗೆಲ್ಲ ಸೇರಿದವಾಗಿದ್ದುವು. ದಾರಿಹೋಕರು ಗಾಡಿಗಳನ್ನು ಬಿಟ್ಟು ಬುತ್ತಿ ಬಿಚ್ಚುತ್ತಿದ್ದುದು ಅಲ್ಲಿಯೇ; ಬಿಸಿಲೇರಿದಾಗ ದನಗಳು ಮಲಗುತ್ತಿದ್ದುದೂ ಅಲ್ಲಿಯೇ. ಹೊಂಗೆಯ ಬೀಜದಿಂದ ದೀಪಕ್ಕೆ ಎಣ್ಣೆಯೂ ಹೊಲಕ್ಕೆ ಹಿಂಡಿಯೂ ದೊರೆಯುತ್ತಿದ್ದುವು. ಅದರ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಇಂತಹ ತೋಪುಗಳೊಳಗೆ ಅತ್ಯಂತ ಪುರಾತನವಾದುವುಗಳಲ್ಲಿ ಒಂದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಇಂದಿಗೂ ಉಳಿದುಬಂದಿದೆ. ಅದರ ವಿಚಾರವನ್ನೇ ಈ ತಿಂಗಳು ವಾಚಕರ ಮುಂದಿಡುವೆನು.

ನಲ್ಲೂರಿನ ತೋಪಿನ ವಿಸ್ತಾರವು ಸುಮಾರು 54 ಎಕರೆ. ಅಲ್ಲಿರುವುವು ಬಹುಮಟ್ಟಿಗೆ ಹುಣಸೆಯ ಮರಗಳೇ. ಅವುಗಳ ಸಂಖ್ಯೆ ಸುಮಾರು 300 ಎಂದು ಲೆಕ್ಕವಾಗಿದೆ. ಚೋಳರ ಕಾಲದಲ್ಲಿ ಈ ತೋಪು ಹುಟ್ಟಿತೆಂದು ಪ್ರತೀತಿಯುಂಟು. ಅದು ಹೇಗೇ ಇರಲಿ, ವಿಜ್ಞಾನಿಗಳು ಇಂಗಾಲದ ಪರೀಕ್ಷೆಯಿಂದ ಅಲ್ಲಿಯ ಒಂದು ಮರದ ವಯಸ್ಸನ್ನು ಗೊತ್ತುಮಾಡಿದಾಗ ಅದು 400 ವರ್ಷಗಳಿಗೂ ಮೇಲ್ಪಟ್ಟದ್ದೆಂದು ತಿಳಿದುಬಂದಿತು. ಎಂದರೆ, ಆವತಿಯ ನಾಡಪ್ರಭುಗಳು ದೇವನಹಳ್ಳಿಯನ್ನು ಆಳುತ್ತಿದ್ದ ಕಾಲದಲ್ಲಿ ಮೊಳೆತ ಗಿಡವು ಪಾಳೆಯಗಾರರನ್ನೂ, ಹೈದರ್ ಮತ್ತು ಟಿಪ್ಪುವನ್ನೂ, ಮೈಸೂರಿನ ಅರಸರನ್ನೂ ಕಂಡು, ಇನ್ನೂ ಕಾಯಿ ಬಿಡುತ್ತ ನಿಂತಿದೆ! ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆಗೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. 2002ರ ಜೀವವೈವಿಧ್ಯ ಶಾಸನಕ್ಕನುಸಾರವಾಗಿ 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಲಾಯಿತು. ಇಡೀ ಭಾರತದಲ್ಲಿ ಆ ಮನ್ನಣೆಯನ್ನು ಮೊದಲು ಪಡೆದ ಸ್ಥಳವಿದು.

ಇಷ್ಟು ಶತಮಾನಗಳ ಕಾಲ ಈ ಮರಗಳು ಕೊಡಲಿಗೆ ಬೀಳದೆ ಉಳಿದುದು ಹೇಗೆ? ಸೌದೆಯ ಅಗತ್ಯವು ನಮ್ಮವರಿಗೆ ಎಂದೂ ಕಡಿಮೆಯಾಗಿರಲಿಲ್ಲ. ಹುಣಸೆಯ ಮರವಂತೂ ಗಟ್ಟಿಯಾದುದು. ಗಾಣಕ್ಕೂ ಒನಕೆಗೂ ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು. ಆದರೆ ಲೆಕ್ಕ ಬಲ್ಲ ಗೃಹಸ್ಥನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ಕಡಿದ ಹುಣಸೆಯು ಒಂದು ಸಲ ಹಣ ಕೊಡುವುದು, ನಿಂತ ಹುಣಸೆಯು ವರ್ಷ ವರ್ಷವೂ ಕೊಡುವುದು. ಮಾಘದಿಂದ ಚೈತ್ರದವರೆಗೆ, ಹೊಲದ ಕೆಲಸವಿಲ್ಲದ ದಿನಗಳಲ್ಲಿ, ಹಣ್ಣು ಬಡಿದು, ಓಡು ಬಿಡಿಸಿ, ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬುವ ಕೆಲಸವು ಎಷ್ಟೋ ಸಂಸಾರಗಳಿಗೆ ಜೀವನಾಧಾರವಾಗಿದ್ದಿತು. ಬೀಜವೂ ವ್ಯರ್ಥವಲ್ಲ, ಅದರ ಹಿಟ್ಟಿನ ಗಂಜಿಯನ್ನು ನೂಲಿಗೆ ಹಚ್ಚುವರು. ಚಿಗುರು ಸಾರಿಗಾಗುವುದು. ಮಳೆ ಹಿಂಗಿ ರಾಗಿಯ ಪೈರು ಒಣಗಿದ ವರ್ಷದಲ್ಲಿಯೂ ಆಳವಾಗಿ ಬೇರಿಳಿಸಿದ ಹುಣಸೆ ಕೈಬಿಡುತ್ತಿರಲಿಲ್ಲ. ಆ ಮರದಲ್ಲಿ ದೆವ್ವವಿದೆಯೆಂಬ ಹೆದರಿಕೆಯೂ ಕೊಡಲಿಯನ್ನು ಅಷ್ಟಿಷ್ಟು ತಡೆದಿರಬಹುದು. ಆದರೆ ದೆವ್ವಕ್ಕಿಂತ ಹೆಚ್ಚಾಗಿ ಅದನ್ನು ಕಾಪಾಡಿದುದು ಅಡುಗೆಯ ಮನೆಯ ಹುಳಿಯೇ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಮರದ ಕಥೆ ಬೇರೆ ರೀತಿಯಾಗಿ ನಡೆದಿದೆ. ಅದು ನೀಲಗಿರಿ. ಆಸ್ಟ್ರೇಲಿಯಾದ ಈ ಮರವನ್ನು 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನು ನಂದಿಬೆಟ್ಟದ ತನ್ನ ತೋಟದಲ್ಲಿ ನೆಡಿಸಿದನೆಂದು ಹೇಳುವರು. ಬಹುಕಾಲ ಅದು ಬೆಟ್ಟದ ಅಲಂಕಾರವಾಗಿಯೇ ಇದ್ದಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಯೋಜನೆಯು ಬಂದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ರಾಗಿಯ ಹೊಲಗಳಲ್ಲಿ ಅದು ಸಾಲುಸಾಲಾಗಿ ಎದ್ದಿತು. ರೈತನನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಆಳುಗಳು ಸಿಕ್ಕದ ಕಾಲದಲ್ಲಿ, ಮಳೆಯನ್ನು ನಂಬಲಾಗದ ನೆಲದಲ್ಲಿ, ದನ ಮೇಯದ, ಕಾವಲು ಬೇಡದ, ಆರೇಳು ವರ್ಷಕ್ಕೊಮ್ಮೆ ಕಡಿದರೆ ಮತ್ತೆ ಚಿಗುರುವ ಮರವು ಅವನಿಗೆ ವರವಾಗಿಯೇ ಕಂಡಿತು. ಕಾಗದದ ಕಾರ್ಖಾನೆಗಳವರು ಕೊಳ್ಳುವವರಿದ್ದರು. ಮನೆ ಕಟ್ಟುವವರಿಗೆ ಗಳುಗಳೂ ಬೇಕಾಗಿದ್ದುವು.

ಆ ವರಕ್ಕೆ ತೆತ್ತ ಬೆಲೆಯು ನೆಲದೊಳಗೆ ಅಡಗಿದ್ದಿತು. ಇಂಗ್ಲೆಂಡಿನ ಜಲವಿಜ್ಞಾನಿಗಳೂ ನಮ್ಮ ಅರಣ್ಯಶಾಖೆಯವರೂ ಕೂಡಿ ಕರ್ನಾಟಕದಲ್ಲಿ ಈ ಮರದ ನೀರಿನ ಲೆಕ್ಕವನ್ನು ಅಳೆದು 1997ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಮಣ್ಣಿನ ಆಳವು ಸಾಧಾರಣವಾಗಿದ್ದ ಕಡೆ ನೀಲಗಿರಿಯು ನಮ್ಮ ಸಹಜವಾದ ಒಣಕಾಡಿಗಿಂತ ಹೆಚ್ಚು ನೀರನ್ನೇನೂ ಕುಡಿಯಲಿಲ್ಲ. ಆದರೆ ಮಣ್ಣು ಬಹಳ ಆಳವಾಗಿದ್ದ ಹೊಸಕೋಟೆಯ ಪ್ರಯೋಗಸ್ಥಳದಲ್ಲಿ ಅದು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಹೀರಿದುದು ಕಂಡುಬಂದಿತು. ಬೇರುಗಳು ವರ್ಷ ವರ್ಷವೂ ಕೆಳಕೆಳಗೆ ಇಳಿದು, ಹಿಂದಿನ ಮಳೆಗಾಲಗಳು ಮಣ್ಣಿನಲ್ಲಿ ಕೂಡಿಟ್ಟಿದ್ದ ತೇವವನ್ನೂ ಬರಿದುಮಾಡುತ್ತಿದ್ದುವು. ವರಮಾನಕ್ಕಿಂತ ವೆಚ್ಚ ಹೆಚ್ಚಾದ ಸಂಸಾರವು ಅಜ್ಜನ ಗಂಟನ್ನು ಕರಗಿಸುವಂತೆಯೇ ಇದು. 2017ರಲ್ಲಿ ಕರ್ನಾಟಕ ಸರಕಾರವು ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು.

ಇದನ್ನು ಸ್ವದೇಶದ ಮರಕ್ಕೂ ಪರದೇಶದ ಮರಕ್ಕೂ ನಡೆದ ವ್ಯಾಜ್ಯವೆಂದು ಕೆಲವರು ಎಣಿಸುವರು. ಅದು ಸರಿಯಲ್ಲ. ಹುಣಸೆಯೂ ಮೂಲತಃ ಆಫ್ರಿಕಾ ಖಂಡದ ಮರವೆಂದು ಸಸ್ಯಶಾಸ್ತ್ರಜ್ಞರ ಮತ. ಅತಿ ಪ್ರಾಚೀನ ಕಾಲದಲ್ಲಿ ಇಲ್ಲಿಗೆ ಬಂದು ನಮ್ಮದೇ ಆಗಿಹೋಯಿತು. ಅರಬರು ಅದನ್ನು ಹಿಂದೂದೇಶದ ಖರ್ಜೂರವೆಂದೇ ಕರೆದರು. ಆದುದರಿಂದ ಮರವು ಎಲ್ಲಿಂದ ಬಂದಿತೆಂಬುದಕ್ಕಿಂತ, ಅದರಿಂದ ನಾವು ಏನನ್ನು ಬಯಸುವೆವೆಂಬುದು ಮುಖ್ಯ. ನಿಂತ ಮರದಿಂದ ಲಾಭ ಪಡೆಯುವ ಊರು ತೋಪನ್ನು ಕಾಯುವುದು. ಕಡಿದ ಮರದಿಂದ ಮಾತ್ರ ಲಾಭ ಪಡೆಯುವ ಊರು ದಿನಗಳನ್ನೆಣಿಸುತ್ತ ಕುಳಿತಿರುವುದು.

ಈಗ ನಲ್ಲೂರಿನ ತೋಪಿಗೂ ಅಂತಹ ತೋಪುಗಳೆಲ್ಲಕ್ಕೂ ಮೂರನೆಯ ಲೆಕ್ಕವೊಂದು ಎದುರಾಗಿದೆ. ಅದು ಮರವಿಲ್ಲದ ಬರಿಯ ನೆಲದ ಬೆಲೆ. ನಲ್ಲೂರಿಗೆ ಮನ್ನಣೆ ದೊರೆತ ಮರುವರ್ಷವೇ, 2008ರಲ್ಲಿ, ಅದೇ ತಾಲ್ಲೂಕಿನಲ್ಲಿ ಬೆಂಗಳೂರಿನ ಹೊಸ ವಿಮಾನನಿಲ್ದಾಣವು ತೆರೆಯಿತು. ಸುತ್ತಣ ಭೂಮಿಯ ಬೆಲೆಯ ಮುಂದೆ ಹುಣಸೆಯ ಫಸಲಿನ ಬೆಲೆ ಎಷ್ಟರದು? ಶಾಸನವು ಒಂದು ತೋಪಿಗೆ ಹೆಸರು ಕೊಡಬಲ್ಲುದು, ಬೇಲಿಯನ್ನೂ ಹಾಕಿಸಬಲ್ಲುದು. ಆದರೆ ಮುದಿಮರ ಬಿದ್ದ ಜಾಗದಲ್ಲಿ ಸಸಿಯನ್ನು ನೆಟ್ಟು, ಬೇಸಗೆಯಲ್ಲಿ ನೀರೆರೆದು, ಮೇಕೆಯ ಬಾಯಿಂದ ಕಾಪಾಡತಕ್ಕವರು ಊರಿನವರೇ. ಹುಣಸೆಯ ದಟ್ಟವಾದ ನೆರಳಿನಲ್ಲಿ ಎಳೆಯ ಗಿಡಗಳು ತಾವಾಗಿ ಮೇಲೇಳುವುದು ಕಷ್ಟ. ಬೀಜದಿಂದ ಎದ್ದ ಸಸಿ ಕಾಯಿ ಬಿಡಲು ಎಂಟು ಹತ್ತು ವರ್ಷಗಳಾದರೂ ಬೇಕು. ಕಸಿಯ ಗಿಡವು ಅದಕ್ಕಿಂತ ಬೇಗ ಫಲ ಕೊಡುವುದು.

ನಮ್ಮ ವಾಚಕರಲ್ಲಿ ಅನೇಕರಿಗೆ ಹಳ್ಳಿಯ ನೆಂಟು ಇನ್ನೂ ಹರಿದಿಲ್ಲ. ಅಂತಹವರು ಮುಂದಿನ ಬಾರಿ ಊರಿಗೆ ಹೋದಾಗ ತಮ್ಮ ಗುಂಡುತೋಪು ಇದೆಯೇ, ಎಷ್ಟು ಮರಗಳುಳಿದಿವೆ, ಎಲ್ಲೆ ಎಲ್ಲಿಯವರೆಗೆ ಎಂದು ವಿಚಾರಿಸಿ ನೋಡಬೇಕು. ಗ್ರಾಮಪಂಚಾಯತಿಗೊಂದು ಜೀವವೈವಿಧ್ಯದ ಸಮಿತಿಯಿರತಕ್ಕದ್ದೆಂದೂ, ಊರಿನ ಗಿಡಮರಗಳ ದಾಖಲೆಯನ್ನು ಅದು ಇಡತಕ್ಕದ್ದೆಂದೂ ಶಾಸನದಲ್ಲಿಯೇ ಇದೆ. ತೋಪಿನ ಹೆಸರು ಆ ದಾಖಲೆಯಲ್ಲಿ ಸೇರುವಂತೆ ಕೇಳುವುದು ಹಿರಿಯರಿಂದ ಸುಲಭವಾಗಿ ಆಗತಕ್ಕ ಕೆಲಸ. ಮಳೆಗಾಲದ ಮೊದಲಲ್ಲಿ ಮಕ್ಕಳ ಕೈಯಿಂದ ನಾಲ್ಕು ಹುಣಸೆ, ನಾಲ್ಕು ಹೊಂಗೆಯ ಸಸಿಗಳನ್ನು ಅಲ್ಲಿ ನೆಡಿಸಿದರೆ ಇನ್ನೂ ಮೇಲು. ಗೃಹಿಣಿಯರು ವರ್ಷದ ಹುಣಸೆಹಣ್ಣನ್ನು ಕೊಳ್ಳುವಾಗ ಊರ ಕಡೆಯವರಿಂದಲೇ ಕೊಂಡರೆ ನಿಂತ ಮರದ ಬೆಲೆ ಅಷ್ಟುಮಟ್ಟಿಗೆ ಹೆಚ್ಚುವುದು.