ಯಾರಿಗಾಗಿ ಉರಿಯುತ್ತಿದೆ ಈ ದೀಪ?



ಇಂದು ರಾತ್ರಿ ಮಲಗುವ ಮುನ್ನ ಮನೆಯ ದೀಪಗಳನ್ನೆಲ್ಲ ಆರಿಸಿ, ನಡುಮನೆಯಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ನೋಡಿರಿ. ಕತ್ತಲೆಯಲ್ಲಿ ಒಂದು ಕೆಂಪು ಚುಕ್ಕೆ, ಅದರ ಪಕ್ಕದಲ್ಲೊಂದು ಹಸಿರು ಚುಕ್ಕೆ, ಮೂಲೆಯಲ್ಲೆಲ್ಲೋ ಗಂಟೆ ತೋರಿಸುವ ನೀಲಿ ಅಂಕಿಗಳು ಕಾಣುತ್ತವೆ. ದೂರದರ್ಶನ ಯಂತ್ರವನ್ನು ಆರಿಸಿದ್ದೇವೆಂದು ನೀವು ತಿಳಿದಿರುತ್ತೀರಿ. ವಾಸ್ತವವಾಗಿ ಅದನ್ನು ಆರಿಸಿಲ್ಲ, ಮಲಗಿಸಿದ್ದೀರಿ ಅಷ್ಟೆ. ರಿಮೋಟಿನ ಅಪ್ಪಣೆಗಾಗಿ ಅದು ಇರುಳೆಲ್ಲ ಕಿವಿ ತೆರೆದು ಕಾಯುತ್ತಿರುತ್ತದೆ. ಹಾಗೆ ಕಾಯುವ ಕೂಲಿಯನ್ನು ಮೀಟರು ಬರೆದುಕೊಳ್ಳುತ್ತಿರುತ್ತದೆ. ಇದಕ್ಕೇ ಸ್ಟ್ಯಾಂಡ್‌ಬೈ ಎಂದು ಹೆಸರು.

‘ಇಷ್ಟು ಸಣ್ಣ ಚುಕ್ಕೆ ಎಷ್ಟು ತಾನೇ ಸುಟ್ಟೀತು?’ ಎಂದು ಕೇಳುವವರುಂಟು. ಚುಕ್ಕೆ ಸುಡುವುದು ಅತ್ಯಲ್ಪವೇ ಸರಿ. ಸುಡುವುದು ಅದರ ಹಿಂದಿರುವ ಯಂತ್ರ. ಸೆಟ್ ಟಾಪ್ ಪೆಟ್ಟಿಗೆಯನ್ನು ಬೆಳಗಿನ ಜಾವ ಮುಟ್ಟಿ ನೋಡಿರಿ, ಬೆಚ್ಚಗಿರುತ್ತದೆ. ಎಷ್ಟೋ ಪೆಟ್ಟಿಗೆಗಳು ನಿದ್ರೆಯಲ್ಲಿಯೂ ಎಚ್ಚರದಲ್ಲಿದ್ದಷ್ಟೇ ವಿದ್ಯುತ್ತನ್ನು ನುಂಗುತ್ತವೆ. ಅದು, ಕಂಪ್ಯೂಟರು, ಸ್ಟೆಬಿಲೈಸರು ಮುಂತಾದವೆಲ್ಲ ಸೇರಿ ಒಂದು ಮನೆಯಲ್ಲಿ 10 ವ್ಯಾಟ್ ಎಂದಿಟ್ಟುಕೊಳ್ಳೋಣ. ದಿನದ 24 ಗಂಟೆ, ವರ್ಷದ 365 ದಿನ ಲೆಕ್ಕ ಹಾಕಿದರೆ 87.6 ಯೂನಿಟ್ ಆಗುತ್ತದೆ. ಇಷ್ಟೇ ವಿದ್ಯುತ್ತಿನಿಂದ 9 ವ್ಯಾಟಿನ ಒಂದು ಎಲ್‌ಇಡಿ ದೀಪ ಪ್ರತಿರಾತ್ರಿ 5 ಗಂಟೆಯಂತೆ 5 ವರ್ಷಕ್ಕೂ ಮೀರಿ ಉರಿಯಬಲ್ಲದು. ಎಂಟನೆಯ ತರಗತಿಗೆ ಸೇರಿದ ಒಬ್ಬ ಬಡ ವಿದ್ಯಾರ್ಥಿ ಪಿ.ಯು.ಸಿ. ಮುಗಿಸುವವರೆಗೆ ಓದಲು ಬೇಕಾದ ಬೆಳಕನ್ನು ನಾವು ಒಂದೇ ವರ್ಷದಲ್ಲಿ, ಯಾರೂ ನೋಡದ ಯಂತ್ರಗಳಿಗೆ ಉಣಿಸುತ್ತಿದ್ದೇವೆ. ಇದನ್ನು ಅಲ್ಪವೆನ್ನುವುದೇ?

ಇನ್ನೊಂದು ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ: ‘ನಮ್ಮ ಬಿಲ್ಲು ಸೊನ್ನೆ ಬಂದಿದೆ, ನಮಗೇನು ನಷ್ಟ?’ 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗಿನಿಂದ ಈ ಮಾತು ವಿದ್ಯಾವಂತರ ಬಾಯಲ್ಲಿಯೂ ನಿಸ್ಸಂಕೋಚವಾಗಿ ಬರುತ್ತಿರುವುದು ವಿಷಾದದ ಸಂಗತಿ. ಯೋಜನೆಯ ಬಗ್ಗೆ ನಮ್ಮ ತಕರಾರಿಲ್ಲ. ಅದರಿಂದ ಬಡವರ ಮನೆಗೆ ನೆಮ್ಮದಿ ದೊರೆತಿದ್ದರೆ ಸಂತೋಷವೇ. ತಕರಾರಿರುವುದು ‘ಉಚಿತ’ ಎಂಬ ಶಬ್ದಕ್ಕೆ ನಾವು ಕೊಟ್ಟ ಅರ್ಥದ ಬಗ್ಗೆ. ಉಚಿತವೆಂದರೆ ಬೆಲೆಯಿಲ್ಲದ್ದೆಂದಲ್ಲ, ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆಂದು ಅರ್ಥ.

ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಾವು ಊಟಕ್ಕೆ ಬೆಲೆ ಕೊಡಲಿಲ್ಲ. ಆದರೂ ತಟ್ಟೆಯಲ್ಲಿ ಒಂದು ಅಗುಳು ಉಳಿಸಲು ನಾಚಿದೆವು. ಯಾವುದೋ ಊರಿನ ಕಣದಿಂದ, ಯಾರದೋ ಬೆವರಿನಿಂದ ಬಂದ ಜೋಳವೆಂಬುದು ನಮಗೆ ಗೊತ್ತಿತ್ತು. ಅದೇ ನಾವು ಇಂದು ವಿದ್ಯುತ್ತನ್ನು ಇರುಳೆಲ್ಲ ಚೆಲ್ಲಿ ನಿದ್ರಿಸುವುದಾದರೆ, ಅಂದು ಕಲಿತದ್ದು ಊಟದ ಶಿಸ್ತನ್ನೋ, ಬಾಳಿನ ಶಿಸ್ತನ್ನೋ?

ಈ ವಿದ್ಯುತ್ತು ಯಾವ ಕಣದಿಂದ ಬರುತ್ತದೆಂಬುದನ್ನೂ ಸ್ಮರಿಸೋಣ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಆಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಗದ್ದೆ, ತೋಟ, ಮನೆಗಳನ್ನು ಬಿಟ್ಟು ಹೊರಟವರು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆದರು. 1985ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ಬರುವುದು ತೆಲಂಗಾಣ, ಮಹಾರಾಷ್ಟ್ರಗಳ ಗಣಿಗಳಿಂದ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಏನಾಯಿತೆಂಬುದು ಮರೆಯುವಂಥದಲ್ಲ. ಆ ಅಕ್ಟೋಬರಿನಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸ್ ವಿದ್ಯುತ್ ಕೊಡುವುದೂ ಕಷ್ಟವಾಗಿ ಅದು 5 ಗಂಟೆಗಿಳಿಯಿತು. ಒಣಗುವ ಪೈರನ್ನು ಕಂಡು ಅವರು ಬೀದಿಗಿಳಿದರು. ಆ ರಾತ್ರಿಗಳಲ್ಲಿಯೂ ಪಟ್ಟಣದ ನಡುಮನೆಗಳಲ್ಲಿ ಕೆಂಪು ಚುಕ್ಕೆಗಳು ಎಂದಿನಂತೆ ಉರಿಯುತ್ತಿದ್ದವು!

‘ಒಂದು ಮನೆಯವರು ಆರಿಸಿದರೆ ನಾಡು ಉದ್ಧಾರವಾದೀತೇ?’ ಎಂಬುದು ಕೊನೆಯ ಆಕ್ಷೇಪ. ಒಂದು ಮನೆಯಿಂದ ಆಗದು, ನಿಜ. ಆದರೆ ಕರ್ನಾಟಕದಲ್ಲಿರುವ ಮನೆಗಳು ಒಂದು ಕೋಟಿಗೂ ಮೇಲ್ಪಟ್ಟವು. ಅವುಗಳಲ್ಲಿ 50 ಲಕ್ಷ ಮನೆಗಳು ಈ 10 ವ್ಯಾಟನ್ನು ಉಳಿಸಿದರೆ, ಹಗಲಿರುಳು 50 ಮೆಗಾವ್ಯಾಟ್ ಹೊರೆ ಇಳಿಯುತ್ತದೆ, ವರ್ಷಕ್ಕೆ 43.8 ಕೋಟಿ ಯೂನಿಟ್ ಉಳಿಯುತ್ತದೆ. ಅದನ್ನು ಕಲ್ಲಿದ್ದಲಿನಿಂದಲೇ ಪಡೆಯಬೇಕಾಗಿದ್ದರೆ, ಯೂನಿಟ್ಟಿಗೆ ಅರ್ಧ ಕಿಲೋ ಎಂದು ಕಡಿಮೆಯಾಗಿಯೇ ಹಿಡಿದರೂ, ಎರಡು ಲಕ್ಷ ಟನ್ನಿಗೆ ಮೀರಿದ ಕಲ್ಲಿದ್ದಲು ಬೂದಿಯಾಗುತ್ತಿತ್ತು. ಯಾವ ಸುಖವನ್ನೂ ತ್ಯಜಿಸದೆ, ಯಾವ ಕೆಲಸವನ್ನೂ ನಿಲ್ಲಿಸದೆ ಆಗುವ ಉಳಿತಾಯವಿದು. ತಯಾರಕರ ಹೊಣೆಯೂ ಇಲ್ಲದಿಲ್ಲ. ಯುರೋಪಿನ ಒಕ್ಕೂಟವು 2010ರಲ್ಲಿ ಇಂತಹ ವ್ಯಯಕ್ಕೆ ಸಾಮಾನ್ಯವಾಗಿ ಒಂದು ವ್ಯಾಟಿನ ಮಿತಿಯನ್ನು ವಿಧಿಸಿ, 2013ರಲ್ಲಿ ಅದನ್ನು ಅರ್ಧ ವ್ಯಾಟಿಗೆ ಇಳಿಸಿತು. ಆದರೆ ತಯಾರಕನ ತಪ್ಪನ್ನು ತೋರಿಸುವ ಬೆರಳು ಗೋಡೆಯ ಸ್ವಿಚ್ಚನ್ನು ಒತ್ತಲಾರದೇ?

ಅಮೆರಿಕದ ಮನೆಗಳಲ್ಲಿ ಗೋಡೆಯ ಪ್ಲಗ್ಗಿಗೆ ಸ್ವಿಚ್ಚಿರುವುದೇ ಅಪರೂಪ. ನಮ್ಮಲ್ಲಿ ಪ್ರತಿಯೊಂದು ಪ್ಲಗ್ಗಿನ ಪಕ್ಕದಲ್ಲಿಯೂ ಸ್ವಿಚ್ಚು ಇದೆ. ಇರುವ ಅನುಕೂಲವನ್ನು ಬಳಸದಿರುವುದು ಆಲಸ್ಯವಲ್ಲದೆ ಮತ್ತೇನು? ಅದು ಕೈಗೆಟುಕದ ಕಡೆ ಇದ್ದರೆ, ಸ್ವಿಚ್ಚುಳ್ಳ ಒಂದು ಎಕ್ಸ್‌ಟೆನ್ಷನ್ ಬೋರ್ಡನ್ನು ಎದುರಿಗೆ ತಂದುಕೊಳ್ಳಿರಿ. ಸಂದೇಹವಿದ್ದವರು ಮೀಟರನ್ನೇ ಕೇಳಬಹುದು. ಫ್ರಿಜ್ಜನ್ನೂ ಕೆಲವು ನಿಮಿಷ ನಿಲ್ಲಿಸಿ, ದೀಪ ಫ್ಯಾನುಗಳನ್ನು ಆರಿಸಿ, ಮೀಟರಿನ ಮಿನುಗುವ ಬೆಳಕನ್ನು ಗಮನಿಸಿರಿ. ಯೂನಿಟ್ಟಿಗೆ 3200 ಮಿನುಗು ಎಂದು ಬರೆದಿರುವ ಮೀಟರಿನಲ್ಲಿ ಎರಡು ನಿಮಿಷಕ್ಕೊಮ್ಮೆ ಬೆಳಕು ಮಿನುಗಿದರೆ, ಸುಮಾರು 10 ವ್ಯಾಟ್ ಕದ್ದು ಹೋಗುತ್ತಿದೆಯೆಂದು ತಿಳಿಯಿರಿ.

ಇದರಲ್ಲಿ ವಿವೇಕವೂ ಇರಲಿ. ಫೋನು ಜೋಡಿಸದ ಚಾರ್ಜರನ್ನು ಕಂಡು ಮಕ್ಕಳನ್ನು ಗದರಿಸಿ, ಸ್ನಾನದ ಗೀಸರನ್ನು ದಿನವಿಡೀ ಬಿಡುವುದು ಸಾಸಿವೆಯನ್ನು ಎಣಿಸಿ ಚೀಲವನ್ನು ಕಳೆದುಕೊಂಡಂತೆ. ನೀರು ತಣ್ಣಗಾದಂತೆಲ್ಲ ಗೀಸರು ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ. ಮೊದಲು ಅದನ್ನು, ಅನಂತರ ಸೆಟ್ ಟಾಪ್ ಪೆಟ್ಟಿಗೆಯನ್ನು ಆರಿಸಿರಿ. ಫ್ರಿಜ್ಜು, ರೋಗಿಗಳಿಗೆ ಬೇಕಾದ ಉಪಕರಣಗಳು ನಡೆಯುತ್ತಲೇ ಇರಲಿ. ಮಿತವ್ಯಯ ಬೇರೆ, ಕೃಪಣತೆ ಬೇರೆ. ಬೇಕಾದುದನ್ನೂ ಬಳಸದಿರುವುದು ಕೃಪಣತೆ. ಯಾರಿಗೂ ಬೇಡವಾದುದನ್ನು ನಿಲ್ಲಿಸುವುದು ಮಿತವ್ಯಯ.

ಬಂಧುಗಳೇ, ದಾನಕ್ಕೆ ಹಣ ಬೇಕು, ಸೇವೆಗೆ ಸಮಯ ಬೇಕು. ಇದಕ್ಕೆ ಬೇಕಾದುದು ಒಂದು ಬೆರಳು, ಒಂದು ಕ್ಷಣ. ಅಷ್ಟನ್ನೂ ಕೊಡಲಾರದವರು ನಾಡಿನ ದುಂದನ್ನು ಕುರಿತು ಭಾಷಣ ಮಾಡುವ ಅಧಿಕಾರವನ್ನು ಕಳೆದುಕೊಳ್ಳುತ್ತಾರೆ. ಇಂದು ರಾತ್ರಿ ನಿಮ್ಮ ನಡುಮನೆ ನಿಜವಾಗಿಯೂ ಕತ್ತಲಾಗಲಿ.