ಕಾಫಿಯ ಹಬೆಯೂ 25 ಲೀಟರಿನ ಗೆರೆಯೂ

ಲಗ್ನದ ದಿನಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಕಡೆ ಸಂಚರಿಸಿದವರಿಗೆ ಒಂದು ಸದ್ದಿನ ಪರಿಚಯವಿರಲೇಬೇಕು. ಕಲ್ಯಾಣಮಂಟಪದ ಬಾಗಿಲಿನ ಬಳಿ, ಪನ್ನೀರು ಎರಚುವ ಹೆಣ್ಣುಮಕ್ಕಳಿಂದ ನಾಲ್ಕು ಮಾರು ದೂರದಲ್ಲಿ, ಮೇಜಿನ ಮೇಲೆ ಕುಳಿತ ಉಕ್ಕಿನ ಹಂಡೆಯೊಂದು ಬುಸುಗುಡುತ್ತಿರುತ್ತದೆ. ಅದರ ಕೆಳಗೆ ಗ್ಯಾಸಿನ ಉರಿ. ಹಾಲು, ಸಕ್ಕರೆ, ಕಾಫಿಪುಡಿ ಬೆರೆತ ಪಾತ್ರೆಯನ್ನು ಅದರ ಮೂತಿಗೆ ಹಿಡಿದು ಹುಡುಗನೊಬ್ಬನು ತಿರುಪನ್ನು ತಿರುಗಿಸಿದನೆಂದರೆ ಹಬೆ ನುಗ್ಗಿ ಹಾಲು ನೊರೆಯುಕ್ಕುತ್ತದೆ. ಮೇಲೆ ಚಿಟಿಕೆ ಪುಡಿ ಉದುರಿಸಿ ಕೊಟ್ಟರೆ ಅದೇ ‘ಎಸ್‌ಪ್ರೆಸೊ’.

ಇಟಲಿಯವರು ಈ ಹೆಸರನ್ನು ಒಪ್ಪಲಾರರು. ಮಿಲಾನಿನ ಲುಯಿಜಿ ಬೆಜ್ಜೆರಾ ಎಂಬಾತನು 1901ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಹಬೆಯ ಒತ್ತಡವು ಬಿಸಿನೀರನ್ನು ಕಾಫಿಪುಡಿಯ ಮೂಲಕ ನೂಕುತ್ತಿತ್ತು. ಕಾಫಿಯ ರಸ ಇಳಿಯುತ್ತಿದ್ದುದೇ ಆ ನೂಕಿನಿಂದ. ನಮ್ಮ ಮದುವೆಮನೆಯ ಯಂತ್ರದಲ್ಲಿ ಹಬೆಗೆ ಹಾಲನ್ನು ಕಾಯಿಸಿ ನೊರೆಯೆಬ್ಬಿಸುವ ಕೆಲಸವೊಂದೇ. ಹೆಸರು ಕಡಲು ದಾಟಿ ಬಂದಿತು, ಕೆಲಸ ಬೇರೆಯಾಯಿತು. ಆದರೆ ಎರಡರ ಹೊಟ್ಟೆಯಲ್ಲಿಯೂ ಇರುವುದು ಒಂದೇ: ಮುಚ್ಚಿದ ಪಾತ್ರೆಯಲ್ಲಿ ಕಟ್ಟಿಹಾಕಿದ ಹಬೆ. ಎಂದರೆ ಬಾಯ್ಲರು.

ಹಬೆಯನ್ನು ಕಟ್ಟಿಹಾಕುವುದು ಗೃಹಿಣಿಯರಿಗೆ ಹೊಸ ಸಂಗತಿಯಲ್ಲ. ಮನೆಯ ಕುಕ್ಕರು ಮಾಡುವುದೂ ಅದನ್ನೇ. ಅದರ ತಲೆಯ ಮೇಲಿನ ತೂಕವು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡವನ್ನು ತಡೆದು ನಿಲ್ಲಿಸುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಬದಲಾಗಿ 120 ಡಿಗ್ರಿಯಲ್ಲಿ ಕುದಿಯುತ್ತದೆ. ತೂಕ ಏಳದಿದ್ದರೆ ಕರಗುವ ಬಿಲ್ಲೆಯೊಂದು ದಾರಿಬಿಡುತ್ತದೆ. ಇಂಥ ಕುಕ್ಕರಿಗೆ ಐ.ಎಸ್.ಐ. ಗುರುತು ಇರಲೇಬೇಕೆಂದು ಕೇಂದ್ರ ಸರ್ಕಾರವು 2020ರಲ್ಲಿ ಆಜ್ಞೆ ಹೊರಡಿಸಿತು. ಮನೆಯೊಳಗೆ ನಾಲ್ಕು ಜನರ ಬೇಳೆ ಬೇಯಿಸುವ ಪಾತ್ರೆಗೆ ಇಷ್ಟು ಕಾವಲು. ಮಂಟಪದಲ್ಲಿ ನೂರಾರು ಜನರ ನಡುವೆ, ಕುಕ್ಕರಿಗಿಂತ ಮೂರು ನಾಲ್ಕು ಪಟ್ಟು ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಬುಸುಗುಡುವ ಹಂಡೆಯನ್ನು ಯಾರು ನೋಡಿದ್ದಾರೆ? ಯಾವಾಗ ನೋಡಿದ್ದಾರೆ? ಈ ಪ್ರಶ್ನೆಯನ್ನು ಬೀಗರೂ ಕೇಳುವುದಿಲ್ಲ, ಮಂಟಪದವರೂ ಕೇಳುವುದಿಲ್ಲ.

ಅಪಾಯ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಹಂಡೆಯ ಚಪ್ಪಟೆ ಮುಚ್ಚಳ 30 ಸೆಂಟಿಮೀಟರ್ ಅಗಲವಿದ್ದು, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಆದರೆ, ಆ ಮುಚ್ಚಳವನ್ನು ಹೊರಕ್ಕೆ ನೂಕುವ ಬಲ 1,000 ಕಿಲೋಗೂ ಮಿಗಿಲು. 50 ಕಿಲೋ ತೂಕದ 20 ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಹೇರಿದ ಭಾರ. ಅದನ್ನು ಹಿಡಿದು ನಿಲ್ಲಿಸಿರುವುದು ಸುತ್ತಲಿನ ಒಂದು ಬೆಸುಗೆ. ಬೆಸುಗೆ ಬಿಟ್ಟರೆ ಹೊರಬರುವುದು ಹಬೆಯೊಂದೇ ಅಲ್ಲ. ಒತ್ತಡದ ಬಿಗಿಯಿಂದಲೇ ಕುದಿಯದೆ ಸುಮ್ಮನಿದ್ದ ನೀರೂ ಆ ಕ್ಷಣದಲ್ಲಿ ಕುದಿಯತೊಡಗುತ್ತದೆ. 120 ಡಿಗ್ರಿಯ 20 ಲೀಟರ್ ನೀರಿನಲ್ಲಿ ಮುಕ್ಕಾಲು ಲೀಟರಿನಷ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಹಬೆಯಾಗಿ, ಸಾವಿರ ಲೀಟರಿಗೂ ಹೆಚ್ಚಿನ ಜಾಗವನ್ನು ಬೇಡುತ್ತದೆ. ಗೋಡೆಯನ್ನು ಒಡೆಯುವುದು, ಮುಚ್ಚಳವನ್ನು ಗುಂಡಿನಂತೆ ಎಸೆಯುವುದು ಆ ಹಿಗ್ಗುವಿಕೆಯೇ. 2025ರ ಫೆಬ್ರವರಿಯಲ್ಲಿ ಕೊಚ್ಚಿಯ ಕಲೂರಿನಲ್ಲಿ ಒಂದು ಉಪಾಹಾರಗೃಹದ ಹಬೆಪಾತ್ರೆ ಸಿಡಿದಾಗ ಒಬ್ಬ ಕೆಲಸಗಾರನು ಪ್ರಾಣ ಕಳೆದುಕೊಂಡನು, ಕೆಲವರು ಗಾಯಗೊಂಡರು. ಅದು ಕಾಫಿಯ ಯಂತ್ರವಲ್ಲ, ನಿಜ. ಆದರೆ ಹಬೆಗೆ ಇಡ್ಲಿ ಯಾವುದು, ಕಾಫಿ ಯಾವುದು ಎಂಬ ಭೇದವಿಲ್ಲ.

ಹಿಂದಿನ ಚಹದ ಅಂಗಡಿಗಳ ಹಿತ್ತಾಳೆಯ ಹಂಡೆಯಲ್ಲಿ ಈ ಭಯವಿರಲಿಲ್ಲ. ನಡುವೆ ಇದ್ದಲಿನ ಕೊಳವೆ, ಸುತ್ತ ನೀರು, ಮೇಲೆ ಸಡಿಲವಾದ ಮುಚ್ಚಳ, ಕೆಳಗೆ ನಲ್ಲಿ. ಹಬೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ತೆರೆದ ಪಾತ್ರೆಗೂ ಮುಚ್ಚಿದ ಪಾತ್ರೆಗೂ ಇರುವ ಅಂತರವನ್ನು ಕಣ್ಣು ಗುರುತಿಸಲಾರದು. ಎರಡೂ ಹೊಳೆಯುತ್ತವೆ, ಎರಡೂ ಸದ್ದು ಮಾಡುತ್ತವೆ.

ಬಾಯ್ಲರುಗಳನ್ನು ಸರ್ಕಾರ ನೋಡಿಕೊಳ್ಳುವುದಿಲ್ಲವೇ ಎಂದು ವಾಚಕರು ಕೇಳಬಹುದು. ನೋಡಿಕೊಳ್ಳುತ್ತದೆ, ಬಹುಕಾಲದಿಂದ ನೋಡಿಕೊಳ್ಳುತ್ತಿದೆ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜನ ಸತ್ತ ಮೇಲೆ, ಮರುವರ್ಷವೇ ಬಂಗಾಳದಲ್ಲಿ ಅದರ ತಪಾಸಣೆಗಾಗಿ ಕಾನೂನು ಬಂದಿತು. ಪ್ರಾಂತಕ್ಕೊಂದು ಬಗೆಯಾಗಿದ್ದ ಈ ಕಾನೂನುಗಳನ್ನು ಒಂದುಗೂಡಿಸಿ 1923ರಲ್ಲಿ ಇಡೀ ದೇಶಕ್ಕೆ ಬಾಯ್ಲರು ಕಾಯಿದೆಯನ್ನು ಮಾಡಿದರು. 5 ಗ್ಯಾಲನ್ನಿಗಿಂತ ದೊಡ್ಡದಾದ ಮುಚ್ಚಿದ ಪಾತ್ರೆಯಲ್ಲಿ ಹಬೆಯನ್ನು ಉತ್ಪಾದಿಸಿದರೆ ಅದು ಬಾಯ್ಲರು ಎಂದು ಅದರಲ್ಲಿ ಬರೆಯಿತು. 2007ರ ತಿದ್ದುಪಡಿಯಲ್ಲಿ ಆ ಗೆರೆ 25 ಲೀಟರಿಗೆ ಬಂದು ನಿಂತಿತು. 2025ರಲ್ಲಿ ಹಳೆಯ ಕಾಯಿದೆ ಹೋಗಿ ಹೊಸ ಕಾಯಿದೆ ಬಂದಿತು. ಗೆರೆ ಮಾತ್ರ ಅಲ್ಲಿಯೇ ಉಳಿಯಿತು. 25 ಲೀಟರಿಗಿಂತ ಚಿಕ್ಕದಾದುದು, ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಕಡಮೆ ಒತ್ತಡದ್ದು, 100 ಡಿಗ್ರಿಗಿಂತ ಕೆಳಗೆ ನೀರು ಕಾಯಿಸುವುದು, ಇವು ಕಾನೂನಿನ ಕಣ್ಣಿಗೆ ಬಾಯ್ಲರೇ ಅಲ್ಲ.

ಸಕ್ಕರೆ ಕಾರ್ಖಾನೆಯ ಬಾಯ್ಲರನ್ನು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಅಧಿಕಾರಿ ಬಂದು ಪರೀಕ್ಷಿಸಿ, ಅವಧಿಯನ್ನು ಬರೆದು ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ಉರಿ ಹಚ್ಚುವಂತಿಲ್ಲ. ಕಾಫಿಯ ಹಂಡೆಗಳು ಹೆಚ್ಚಿನಂಶ 25 ಲೀಟರಿನ ಗೆರೆಯೊಳಗೇ ಅಡಗಿಕೊಳ್ಳುತ್ತವೆ. ದೊಡ್ಡ ಆನೆಗೆ ಮಾವಟಿಗನಿದ್ದಾನೆ, ಕೊಂಬು ಹಾಯಿಸುವ ಹೋರಿಗೆ ಯಾರೂ ಇಲ್ಲ. ಕಾನೂನು ಮಾಡಿದವರನ್ನು ದೂರುವುದೂ ಪೂರ್ತಿ ನ್ಯಾಯವಲ್ಲ. ಊರೂರಿನ ಹೋಟೆಲುಗಳ ಹಂಡೆಗಳನ್ನೆಲ್ಲ ನೋಡಿ ಬರಲು ಅಷ್ಟು ಮಂದಿ ಅಧಿಕಾರಿಗಳನ್ನು ಎಲ್ಲಿಂದ ತರುವುದು? ಆದರೆ ಅಧಿಕಾರಿ ಬರಬೇಕಾಗಿಲ್ಲ ಎಂಬುದನ್ನು ಪರೀಕ್ಷೆಯೇ ಬೇಕಾಗಿಲ್ಲ ಎಂದು ತಿಳಿದುಕೊಂಡುದು ಮಾತ್ರ ತಪ್ಪು.

ಬ್ರಿಟನ್ನಿನಲ್ಲಿ 2000ದ ನಿಯಮಗಳು ಬೇರೆ ದಾರಿ ಹಿಡಿದಿವೆ. ಹಬೆಯಾದರೆ ಸಾಕು, ಒತ್ತಡ ಎಷ್ಟೇ ಇರಲಿ, ತಿಳಿದವನೊಬ್ಬನು ಲಿಖಿತ ಯೋಜನೆಯಂತೆ ಕಾಲಕಾಲಕ್ಕೆ ಪರೀಕ್ಷಿಸಬೇಕು. ಹೊಣೆ ಯಂತ್ರವನ್ನು ನಡೆಸುವವನದು. ಹಾಗಿದ್ದೂ 2010ರಲ್ಲಿ ಫಾರ್ನ್‌ಬರೊ ಎಂಬ ಊರಿನ ಅಂಗಡಿಯೊಂದರಲ್ಲಿ ಕಾಫಿ ಯಂತ್ರ ಸಿಡಿದು ಹಲವರು ಗಾಯಗೊಂಡರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ಈ ಮಾತಿಗೆ ಇನ್ನೂ ಒಂದು ಕಾರಣದಿಂದ ತೂಕ ಬರುತ್ತದೆ. ಅದು ನೀರು. 2021ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮತ್ತೆ ಮೂರು ವರ್ಷಕ್ಕೆ ವಿಜಯನಗರವನ್ನು ಸೇರಿತು. ಜಿಲ್ಲೆ ಬದಲಾದರೂ ಕೊಳವೆಬಾವಿಯ ನೀರಿನ ಗುಣ ಬದಲಾಗಲಿಲ್ಲ. ಹೊಳೆಯ ನೀರು ಸಿಗುವ ಊರುಗಳನ್ನು ಬಿಟ್ಟರೆ ಈ ಬಯಲುಸೀಮೆಯಲ್ಲಿ ಗಡಸು ನೀರೇ ಗತಿ. ಅದರ ಫ್ಲೋರೈಡು ಹಲ್ಲು, ಮೂಳೆಗಳಿಗೆ ಮಾಡುವ ಕೇಡನ್ನು ಜನ ಬಲ್ಲರು (ಕುದಿಸಿದರೆ ಅದು ಹೋಗುತ್ತದೆಂಬ ನಂಬಿಕೆ ಮಾತ್ರ ಸುಳ್ಳು). ಹಂಡೆಗೆ ಕೇಡು ಮಾಡುವುದು ಸುಣ್ಣದ ಅಂಶ.

ನೀರು ಹಬೆಯಾಗಿ ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ದಿನಕ್ಕೆ ನಾಲ್ಕು ಸಲ ನೀರು ತುಂಬಿದರೆ ನಾಲ್ಕು ಸಲದ ಸುಣ್ಣವೂ ಒಳಗೇ ಉಳಿಯಿತು. ಸ್ನಾನದ ಹಂಡೆಯ ತಳದಲ್ಲಿ, ಬಿಸಿನೀರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿಯ ಹೆಕ್ಕಳಿಕೆಯನ್ನು ಎಲ್ಲ ಗೃಹಿಣಿಯರೂ ನೋಡಿದ್ದಾರೆ. ಕಾಫಿಯ ಹಂಡೆಯ ತಳದಲ್ಲಿ ಅದೇ ಪದರ ಕಟ್ಟಿದಾಗ ಉರಿಯ ಶಾಖ ನೀರಿಗೆ ತಲಪದೆ ತಗಡಿನಲ್ಲಿಯೇ ನಿಂತು, ತಗಡು ಕಾದು ಬಲಗುಂದುತ್ತದೆ. ಅದಕ್ಕಿಂತ ಘೋರವಾದುದು ಇನ್ನೊಂದು: ಅದೇ ಸುಣ್ಣ ಸುರಕ್ಷಾ ವಾಲ್ವಿನ ಬಾಯಲ್ಲಿ ಕೂರುತ್ತದೆ. ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆದು ಹಬೆಯನ್ನು ಬಿಡಬೇಕಾದ ಬಾಗಿಲು ಗಾರೆ ಹಾಕಿದಂತೆ ಮುಚ್ಚಿಹೋಗುತ್ತದೆ. ಒತ್ತಡ ತೋರುವ ಗೇಜಿನ ಸಣ್ಣ ಕೊಳವೆ ಕಟ್ಟಿಕೊಂಡರೆ ಮುಳ್ಳು ಹಳೆಯ ಜಾಗದಲ್ಲಿಯೇ ನಿಂತು ಎಲ್ಲವೂ ಕ್ಷೇಮ ಎನ್ನುತ್ತಿರುತ್ತದೆ. ನೀರಿನ ಮಟ್ಟ ತೋರುವ ಗಾಜಿನ ಕೊಳವೆಯೂ ಹಾಗೆಯೇ. ಒಳಗೆ ನೀರು ಬತ್ತಿದ್ದರೂ ಗಾಜಿನಲ್ಲಿ ಹಳೆಯ ನೀರು ನಿಂತಿರುತ್ತದೆ. ಮೂರು ಕಾವಲುಗಾರರನ್ನೂ ಒಂದೇ ಕಳ್ಳ ಕಟ್ಟಿಹಾಕಿದಂತೆ.

ತುಕ್ಕು ಹಿಡಿಯದ ಉಕ್ಕು ಎಂಬ ಭರವಸೆಯನ್ನೂ ಅಳತೆಯಲ್ಲಿಯೇ ಇಟ್ಟುಕೊಳ್ಳಬೇಕು. ಕಾದ ಉಪ್ಪುನೀರು ಬೆಸುಗೆಯ ಅಕ್ಕಪಕ್ಕದಲ್ಲಿ ಕೂದಲೆಳೆಯಂತಹ ಬಿರುಕುಗಳನ್ನು ಮಾಡಬಲ್ಲುದು; ಹೊರಗೆ ಹಂಡೆ ಕನ್ನಡಿಯಂತೆ ಥಳಥಳಿಸುತ್ತಲೇ ಇರುತ್ತದೆ.

‘ಇಷ್ಟ್ ವರ್ಷ ಏನೂ ಆಗಿಲ್ರೀ ಯಜಮಾನ್ರ, ಈಗೇನ್ ಆಗ್ತೈತಿ?’ ಎಂದು ಅಡಿಗೆಯ ಕಂಟ್ರಾಕ್ಟರು ಹೇಳುವುದುಂಟು. ಏನೂ ಆಗದ ಒಂದೊಂದು ವರ್ಷವೂ ಒಳಗಡೆ ಒಂದು ಪದರವನ್ನು ಬಿಟ್ಟು ಹೋಗಿರುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯೇನೂ ಅಲ್ಲ. ಆದರೆ ಮುಂದಿನ ಲಗ್ನಕ್ಕೆ ಹಂಡೆ ಬೇಕು. ಕೆಲವೆಡೆ ವಾಲ್ವು ಆಗಾಗ ಹಬೆ ಬಿಟ್ಟು ತೊಂದರೆ ಕೊಡುತ್ತದೆಂದು ಅದರ ಸ್ಪ್ರಿಂಗನ್ನು ಬಿಗಿ ಮಾಡಿಸುತ್ತಾರೆ. ಹಬೆಯ ಯಂತ್ರಗಳ ಆದಿಕಾಲದಿಂದಲೂ ಮನುಷ್ಯರು ಮಾಡುತ್ತ ಬಂದಿರುವ ಅವಿವೇಕ ಇದು. ವಾಲ್ವು ಹಬೆ ಬಿಟ್ಟಿತೆಂದರೆ ಅದು ಕೆಟ್ಟಿದೆಯೆಂದಲ್ಲ, ಉರಿ ಹೆಚ್ಚಾಯಿತೆಂದು.

ಪರೀಕ್ಷೆಯೆಂದರೆ ಏನು? ಮೊದಲು ಹಂಡೆಯನ್ನು ತಣ್ಣಗಾಗಿಸಿ, ಬಿಚ್ಚಿ, ಒಳಗಿನ ಸುಣ್ಣವನ್ನು ನಿಂಬೆ ಉಪ್ಪಿನ ನೀರಿನಿಂದ ಕರಗಿಸಿ ತೊಳೆಯಬೇಕು. ಪದರದ ಹಿಂದೆ ಏನಿದೆಯೆಂಬುದು ಆಮೇಲೆಯೇ ಕಾಣುವುದು. ಬೆಸುಗೆಗಳನ್ನು ದೀಪ ಹಿಡಿದು ನೋಡಬೇಕು. ಅನಂತರ ಗಾಳಿ ಒಂದಿಷ್ಟೂ ಉಳಿಯದಂತೆ ತಣ್ಣೀರನ್ನು ತುಂಬಿ, ಕೈಪಂಪಿನಿಂದ ಒತ್ತಡವನ್ನು ಮೆಲ್ಲಮೆಲ್ಲನೆ, ಕೆಲಸದ ಒತ್ತಡದ ಒಂದೂವರೆಯಷ್ಟಕ್ಕೆ ಏರಿಸಿ ಸ್ವಲ್ಪ ಹೊತ್ತು ಬಿಡಬೇಕು. ಮುಳ್ಳು ಇಳಿಯಬಾರದು, ಎಲ್ಲಿಯೂ ಬೆವರಬಾರದು. ನೀರೇ ಏಕೆ? ನೀರನ್ನು ಹಿಂಡಲು ಬಾರದು. ಹಂಡೆ ಸೀಳಿದರೂ ನಾಲ್ಕು ಹನಿ ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಹಚ್ಚಿ ಪರೀಕ್ಷಿಸುವ ಚುರುಕು ಮೇಸ್ತ್ರಿಗಳಿದ್ದಾರೆ. ಗಾಳಿ ಸ್ಪ್ರಿಂಗಿನಂತೆ ಹಿಂಡಿಕೊಂಡು ಕುಳಿತಿರುತ್ತದೆ. ಹಂಡೆ ಸೀಳಿದರೆ ಪರೀಕ್ಷೆಯೇ ಸ್ಫೋಟವಾಗುತ್ತದೆ. ಇಂಥವರನ್ನು ಹತ್ತಿರ ಸೇರಿಸಬಾರದು.

ಇಷ್ಟಾದ ಮೇಲೆ ಉರಿ ಹಚ್ಚಿ, ವಾಲ್ವು ತನ್ನ ಮಿತಿಗೆ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಬೇಕು. ಹೀಗೆ ವರ್ಷಕ್ಕೊಮ್ಮೆ, ಲಗ್ನಗಳು ಆರಂಭವಾಗುವ ಮುನ್ನ ಮಾಡಿಸಿದರೆ ಒಂದೆರಡು ದಿನದ ಬಾಡಿಗೆಯ ನಷ್ಟಕ್ಕಿಂತ ಹೆಚ್ಚಿನದೇನೂ ಆಗದು. ಕೆಲಸದ ದಿನಗಳಲ್ಲಿ ಸಂಜೆ ಹಂಡೆಯ ನೀರನ್ನು ಪೂರ್ತಿ ಬಸಿದು ಬಿಡುವುದರಿಂದಲೇ ಒಂದಷ್ಟು ಸುಣ್ಣ ಹೊರಗೆ ಹೋಗುತ್ತದೆ. ಗಾಜಿನಲ್ಲಿ ನೀರು ಕಾಣದೆ ಹೋದಾಗ ಗಾಬರಿಯಿಂದ ತಣ್ಣೀರು ಸುರಿಯದೆ, ಉರಿಯನ್ನು ಆರಿಸಿ ತಣಿಯಲು ಬಿಡಬೇಕೆಂಬುದನ್ನು ಆ ತಿರುಪಿನ ಮುಂದೆ ನಿಲ್ಲುವ ಹುಡುಗನಿಗೆ ಯಾರಾದರೂ ಹೇಳಿಕೊಟ್ಟಿರಬೇಕು. ಹಂಡೆಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವನು ಅವನು. ಹಲವೆಡೆ ಮೀಸೆ ಮೂಡದ ಪೋರ.

ಕೊಟ್ಟೂರಿನವರಿಗೆ ತಪಾಸಣೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರಸ್ವಾಮಿಯ ತೇರು ಜನಸಾಗರದ ನಡುವೆ ಉರುಳಿತು, ಹಲವರು ಗಾಯಗೊಂಡರು. ಎಳೆಯುವವರ ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಮರ, ಅಚ್ಚು, ಗಾಲಿಗಳಿಗೆ ಬೇಕಾದುದು ಬೇರೆ ಬಗೆಯ ಗಮನ. ಆ ಜಾತ್ರೆಯಲ್ಲಿ, ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಕುರುವತ್ತಿಯಲ್ಲಿ ಅಂಗಡಿಗಳಿಗೆ ಜಾಗ ಕೊಡುವವರು ಬಾಡಿಗೆಯ ಹಣದ ಜೊತೆಗೆ ಹಂಡೆಯ ಪರೀಕ್ಷೆಯ ಚೀಟಿಯನ್ನೂ ಕೇಳಬಹುದು. ಅದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ.

ಮದುವೆಮನೆಯವರೂ ಕೇಳಬಹುದು. ಕಲ್ಯಾಣಮಂಟಪದ ಕರಾರಿನಲ್ಲಿ ಒಡೆದ ಕುರ್ಚಿಗೆ ಎಷ್ಟು, ಕಳೆದ ಸೌಟಿಗೆ ಎಷ್ಟು ಎಂದು ಬರೆದಿರುತ್ತದೆ. ಕಾಫಿಯ ಹಂಡೆಯ ಬಗ್ಗೆ ಒಂದು ಸಾಲು ಸೇರಿಸಲು ಜಾಗವಿದೆ. ಹಂಡೆಯನ್ನು ಬಾಗಿಲಲ್ಲಿ ಇಡದೆ ಗೋಡೆಯ ಮೂಲೆಗೆ ಇಡಿಸಿ, ವಾಲ್ವಿನ ಬಾಯಿ ಜನರ ಕಡೆಗಿಲ್ಲವೆಂದು ನೋಡಿ, ಮಕ್ಕಳನ್ನು ದೂರವಿರಿಸಬೇಕು. ಅದರ ಮೈಮೇಲೆ ತಗಡಿನ ಒಂದು ಹಲಗೆಯಿದೆಯೇ, ಅದರಲ್ಲಿ ಎಷ್ಟು ಲೀಟರ್, ಎಷ್ಟು ಒತ್ತಡ, ಕೊನೆಯ ಪರೀಕ್ಷೆ ಎಂದು ಎಂಬ ಮೂರು ಅಂಕೆಗಳಿವೆಯೇ ಎಂದು ಮುಂಗಡ ಕೊಡುವ ಮೊದಲೇ ಕಂಟ್ರಾಕ್ಟರನ್ನು ವಿಚಾರಿಸಬಹುದು. ಹಲಗೆಯೇ ಇಲ್ಲದ ಹಂಡೆಯಾದರೆ, ಬೀಗರಿಗೆ ಡಿಕಾಕ್ಷನ್ನಿನ ಕಾಫಿಯನ್ನೇ ಮಾಡಿಸಿದರಾಯಿತು. ಅದಕ್ಕೆ ತೆರೆದ ಪಾತ್ರೆ ಸಾಕು.